ಒಂದೇ ದಿನದ ಮುಂಬೈ: ಪಟ್ಟಿ ಅರ್ಧ ಮಾಡಿ, ನಡೆಯಲು ತಯಾರಾಗಿ

ಮದುವೆಗೋ, ಇಂಟರ್‌ವ್ಯೂಗೋ, ಆಸ್ಪತ್ರೆಯ ಕೆಲಸಕ್ಕೋ ಮೊದಲ ಸಲ ಮುಂಬೈಗೆ ಹೋಗುವವರಿಗೆ ಊರು ನೋಡಲು ಸಿಗುವುದು ಸಾಮಾನ್ಯವಾಗಿ ಒಂದೇ ದಿನ. ಅದಕ್ಕೆ ಅವರು ಬರೆದುಕೊಂಡು ಬರುವ ಪಟ್ಟಿ ಮಾತ್ರ ಒಂದು ವಾರಕ್ಕಾಗುವಷ್ಟಿರುತ್ತದೆ: ಗೇಟ್‌ವೇ ಆಫ್ ಇಂಡಿಯಾ, ಎಲಿಫೆಂಟಾ, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿ, ಜುಹು ಬೀಚು, ಸಿನಿಮಾ ನಟರ ಬಂಗಲೆಗಳು, ಹೊತ್ತು ಮಿಕ್ಕರೆ ಫಿಲ್ಮ್ ಸಿಟಿ. ಟ್ಯಾಕ್ಸಿಯವನನ್ನು ಕೇಳಿದರೆ ‘ಸಬ್ ದಿಖಾ ದೂಂಗಾ ಸಾಬ್’ ಅನ್ನುತ್ತಾನೆ. ತೋರಿಸುತ್ತಾನೆ ಕೂಡ, ಕಿಟಕಿಯಿಂದ. ದಿನದ ಕೊನೆಗೆ ನೆನಪಿರುವುದು ಬರೀ ಸಿಗ್ನಲ್ಲುಗಳು.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಪಟ್ಟಿಗೆ ಕತ್ತರಿ ಹಾಕುವುದು. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಊರಿನ ಆಕಾರವೇ ಹೇಳಿಕೊಡುತ್ತದೆ. ಮುಂಬೈ ಉತ್ತರ-ದಕ್ಷಿಣವಾಗಿ ಉದ್ದಕ್ಕೆ ಚಾಚಿಕೊಂಡ, ಅಗಲ ಕಡಿಮೆಯಿರುವ ಊರು; ಏಳು ದ್ವೀಪಗಳ ನಡುವಿನ ನೀರನ್ನು ಮಣ್ಣು ಹಾಕಿ ಮುಚ್ಚಿ ಮಾಡಿದ ನೆಲ. ದಕ್ಷಿಣದ ತುದಿಯ ಚರ್ಚ್‌ಗೇಟಿನಿಂದ ಬೊರಿವಲಿಗೆ 34 ಕಿಲೋಮೀಟರ್, ವಿರಾರಿಗೆ 60. ಬ್ಯಾಂಕು, ಹೈಕೋರ್ಟು, ಮಂತ್ರಾಲಯ, ಹಳೆಯ ಕಂಪನಿ ಕಚೇರಿಗಳೆಲ್ಲ ದಕ್ಷಿಣದ ಮೂಲೆಯಲ್ಲಿವೆ. ಅಲ್ಲಿ ದುಡಿಯುವವರ ಮನೆಗಳು ಉತ್ತರದಲ್ಲಿವೆ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸು, ಅಂಧೇರಿ ಬೆಳೆದ ಮೇಲೆ ಈ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಆಗಿದೆಯಾದರೂ ಜನ ಹರಿಯುವ ದಿಕ್ಕು ಹೆಚ್ಚು ಬದಲಾಗಿಲ್ಲ. ಬೆಳಗ್ಗೆ ಎಲ್ಲರೂ ದಕ್ಷಿಣಕ್ಕೆ, ಸಂಜೆ ಎಲ್ಲರೂ ಉತ್ತರಕ್ಕೆ. ನೋಡಲು ಬಂದವರು ಬೆಳಗ್ಗೆ ಎಂಟರೊಳಗೆ ದಕ್ಷಿಣ ಮುಟ್ಟಿ, ಅಲ್ಲೇ ದಿನ ಕಳೆದು, ರಾತ್ರಿ ಎಂಟೂವರೆಯ ಮೇಲೆ ಹೊರಟರೆ ಈ ಎರಡೂ ಪ್ರವಾಹಕ್ಕೆ ಸಿಕ್ಕಿಬೀಳುವುದಿಲ್ಲ. ಜುಹು, ಬಾಂದ್ರಾ, ಫಿಲ್ಮ್ ಸಿಟಿಗಳನ್ನು ಇನ್ನೊಂದು ಸಲಕ್ಕೆ ಬಿಡಿ. ಒಂದು ದಿನದ ಮುಂಬೈ ಅಂದರೆ ನನ್ನ ಪ್ರಕಾರ ಫೋರ್ಟ್, ಕೊಲಾಬಾ, ಮರೀನ್ ಡ್ರೈವ್. ಮಿಕ್ಕಿದ್ದು ಒಂದೋ ಎರಡೋ, ದಾರಿಯಲ್ಲಿ ಸಿಕ್ಕಿದರೆ.

ಇಳಿಯುವುದು ಎಲ್ಲಿ

ಮುಂಬೈಗೆ ಟಿಕೆಟ್ ಇದೆ ಅಂದಮಾತ್ರಕ್ಕೆ ರೈಲು ನಿಮ್ಮನ್ನು ಫೋರ್ಟಿನಲ್ಲಿ ಇಳಿಸುತ್ತದೆ ಅಂದುಕೊಳ್ಳಬೇಡಿ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಗೆ, ಅಂದರೆ ಹಳಬರ ಬಾಯಲ್ಲಿ ಇವತ್ತಿಗೂ ‘ವಿಟಿ’ಯಾಗಿರುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಹೋಗುತ್ತದೆ. ಹುಬ್ಬಳ್ಳಿಯ ಗಾಡಿ ದಾದರಿನಲ್ಲಿ ನಿಲ್ಲುತ್ತದೆ. ಕರಾವಳಿಯವರ ಮತ್ಸ್ಯಗಂಧ ನಿಲ್ಲುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ. ಈ ಕೊನೆಯದರಲ್ಲೇ ಹೊಸಬರು ಮೋಸಹೋಗುವುದು. ಅಲ್ಲಿ ಲೋಕಲ್ ಗಾಡಿ ನಿಲ್ಲುವ ಪ್ಲಾಟ್‌ಫಾರ್ಮೇ ಇಲ್ಲ. ಹೊರಗೆ ಬಂದೊಡನೆ ಸುತ್ತಿಕೊಳ್ಳುವ ಟ್ಯಾಕ್ಸಿಯವರನ್ನು ದಾಟಿ, ಹಾರ್ಬರ್ ಲೈನಿನ ತಿಲಕ್ ನಗರ್ ಸ್ಟೇಷನ್ನಿಗೆ ನಡೆದುಬಿಟ್ಟರೆ ನೇರ ಸಿಎಸ್‌ಎಂಟಿಗೆ ಲೋಕಲ್ ಸಿಗುತ್ತದೆ. ಲಗೇಜು ಹೆಚ್ಚಿದ್ದರೆ ಮಾತ್ರ ಆಟೋ ಹಿಡಿದು ಕುರ್ಲಾ ಸ್ಟೇಷನ್ನಿಗೆ ಹೋಗಿ.

ಲಗೇಜನ್ನು ಹೊತ್ತುಕೊಂಡು ಊರು ನೋಡಲಾಗುವುದಿಲ್ಲ. ಸಿಎಸ್‌ಎಂಟಿ, ದಾದರ್‌ನಂಥ ದೊಡ್ಡ ಸ್ಟೇಷನ್ನುಗಳ ಕ್ಲೋಕ್ ರೂಮಿನಲ್ಲಿ ಇಟ್ಟು ಹೋಗಬಹುದು. ಬ್ಯಾಗಿಗೆ ಬೀಗ ಇರಲೇಬೇಕು, ಪ್ರಯಾಣದ ಟಿಕೆಟ್ ತೋರಿಸಬೇಕು. ಬೀಗವಿಲ್ಲದ ಬಟ್ಟೆಚೀಲವನ್ನು ಅವರು ಮುಟ್ಟುವುದಿಲ್ಲ. ಅದಕ್ಕೇ ಊರಿಂದ ಹೊರಡುವಾಗಲೇ ಒಂದು ಸಣ್ಣ ಬೀಗ ಹಾಕಿಕೊಂಡು ಬನ್ನಿ.

ಲೋಕಲ್ ಹತ್ತುವುದು

ಭಾರತದ ಮೊದಲ ಪ್ರಯಾಣಿಕರ ರೈಲು ಓಡಿದ್ದು ಇದೇ ಊರಿನಲ್ಲಿ: 1853ರ ಏಪ್ರಿಲ್ 16ರಂದು, ಬೋರಿ ಬಂದರಿನಿಂದ ಠಾಣೆಗೆ, 34 ಕಿಲೋಮೀಟರ್. ಇವತ್ತು ಮುಂಬೈನ ಲೋಕಲ್‌ಗಳಲ್ಲಿ ಮುಖ್ಯವಾಗಿ ಮೂರು ಲೈನುಗಳು. ವೆಸ್ಟರ್ನ್ ಲೈನು ಚರ್ಚ್‌ಗೇಟಿನಿಂದ ಪಶ್ಚಿಮದ ಅಂಚಿನಗುಂಟ ಹೋಗುತ್ತದೆ. ಸೆಂಟ್ರಲ್ ಲೈನು ಸಿಎಸ್‌ಎಂಟಿಯಿಂದ ದಾದರ್, ಠಾಣೆ, ಕಲ್ಯಾಣದ ಕಡೆಗೆ. ಹಾರ್ಬರ್ ಲೈನೂ ಸಿಎಸ್‌ಎಂಟಿಯಿಂದಲೇ ಹೊರಟು ನವಿ ಮುಂಬೈ, ಪನ್ವೇಲ್ ಕಡೆಗೆ. ವೆಸ್ಟರ್ನ್ ಮತ್ತು ಸೆಂಟ್ರಲ್ ಅಕ್ಕಪಕ್ಕ ಬಂದು ಕೈಕುಲುಕುವ ದೊಡ್ಡ ಜಾಗ ದಾದರ್. ಇಷ್ಟು ತಲೆಯಲ್ಲಿದ್ದರೆ ಸಾಕು.

ಪ್ಲಾಟ್‌ಫಾರ್ಮಿನ ಮೇಲೆ ತೂಗುವ ಇಂಡಿಕೇಟರ್ ಓದುವುದೊಂದು ವಿದ್ಯೆ, ಆದರೆ ಐದು ನಿಮಿಷದಲ್ಲಿ ಬರುವ ವಿದ್ಯೆ. ಅದರಲ್ಲಿ ಗಾಡಿ ಕೊನೆಗೆ ನಿಲ್ಲುವ ಊರಿನ ಹೆಸರೋ ಸಂಕೇತಾಕ್ಷರವೋ ಇರುತ್ತದೆ: ‘ಕೆ’ ಅಂದರೆ ಕಲ್ಯಾಣ, ‘ಟಿ’ ಅಂದರೆ ಠಾಣೆ, ‘ಬಿಒ’ ಅಂದರೆ ಬೊರಿವಲಿ. ಪಕ್ಕದಲ್ಲಿ ಹೊರಡುವ ಸಮಯ. ಆಮೇಲೆ ‘ಎಫ್’ ಅಥವಾ ‘ಎಸ್’, ಫಾಸ್ಟೋ ಸ್ಲೋವೋ. ಕೊನೆಗೆ 12 ಅಥವಾ 15, ಅದು ಡಬ್ಬಿಗಳ ಸಂಖ್ಯೆ. ಸ್ಲೋ ಗಾಡಿ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ. ಫಾಸ್ಟು ಆಯ್ದ ಕಡೆ ಮಾತ್ರ. ಹೊಸಬರು ಸ್ಲೋ ಹಿಡಿಯುವುದೇ ವಾಸಿ. ಹತ್ತು ಹದಿನೈದು ನಿಮಿಷ ಹೆಚ್ಚು ಹಿಡಿಯಬಹುದು, ಆದರೆ ಇಳಿಯಬೇಕಾದ ಸ್ಟೇಷನ್ ಕಣ್ಣೆದುರೇ ಹಾದುಹೋಗುವ ಸಂಕಟವಿರುವುದಿಲ್ಲ. ಅದರಲ್ಲೂ ಸಂಜೆ ವಿರಾರ್ ಫಾಸ್ಟು ಹತ್ತಿ ನಡುವೆ ಅಂಧೇರಿಯಲ್ಲೋ ಬೊರಿವಲಿಯಲ್ಲೋ ಇಳಿಯುವ ಸಾಹಸ ಬೇಡ. ದೂರದ ವಿರಾರಿನವರು ತಮ್ಮ ಗಾಡಿಯಲ್ಲಿ ಹತ್ತಿರದವರನ್ನು ಸಹಿಸುವುದಿಲ್ಲ, ಬಾಗಿಲವರೆಗೆ ದಾರಿಯನ್ನೂ ಬಿಡುವುದಿಲ್ಲ.

ಟಿಕೆಟ್ ಅಗ್ಗ, ಸೆಕೆಂಡ್ ಕ್ಲಾಸಿನ ಕನಿಷ್ಠ ದರ 5 ರೂಪಾಯಿ. ಮೊಬೈಲ್ ಆ್ಯಪಿನಲ್ಲಿ ತೆಗೆಯುವುದಾದರೆ ಸ್ಟೇಷನ್ನಿನ ಒಳಗೆ ಕಾಲಿಡುವ ಮುಂಚೆಯೇ ತೆಗೆದುಬಿಡಿ. ಎಸಿ ಲೋಕಲ್ಲಿಗೆ ಟಿಕೆಟೇ ಬೇರೆ. ಫಸ್ಟ್ ಕ್ಲಾಸ್ ಡಬ್ಬಿಯ ಮೈಮೇಲೆ ಓರೆಯಾದ ಪಟ್ಟೆಗಳಿರುತ್ತವೆ. ಒಳಗಿನ ಸೀಟು ನೋಡಿದರೆ ಸೆಕೆಂಡ್ ಕ್ಲಾಸಿಗೂ ಅದಕ್ಕೂ ಅಂಥ ವ್ಯತ್ಯಾಸ ಕಾಣುವುದಿಲ್ಲ, ಅದಕ್ಕೇ ಗೊತ್ತಿಲ್ಲದವರು ಹತ್ತಿ ಕೂತುಬಿಡುತ್ತಾರೆ. ಟಿಸಿ ಬಂದರೆ ದರದ ಮೇಲೆ ಕನಿಷ್ಠ 250 ರೂಪಾಯಿ ದಂಡ. ಹೆಂಗಸರ ಡಬ್ಬಿಯ ಹೊರಗೆ ಹೆಣ್ಣಿನ ಚಿತ್ರ ಬರೆದಿರುತ್ತದೆ. ಹೆಂಗಸರು ಒಬ್ಬರೇ ಇದ್ದರೆ ಅದೇ ಒಳ್ಳೆಯದು. ಕುಟುಂಬದ ಜತೆಗೆ ಬಂದ ಗಂಡಸರು ಹೆಂಡತಿಯ ಹಿಂದೆಯೇ ಆ ಡಬ್ಬಿಗೆ ನುಗ್ಗದಿದ್ದರಾಯಿತು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ದಾದರಿನಲ್ಲಿ ಇಳಿಯುವವರು ದಾದರ್ ಬಂದ ಮೇಲೆ ಎದ್ದು ನಿಲ್ಲುವುದಿಲ್ಲ. ಹಿಂದಿನ ಸ್ಟೇಷನ್ ಬಿಡುತ್ತಿದ್ದಂತೆಯೇ ಬಾಗಿಲ ಕಡೆಗೆ ಸಾಲುಗಟ್ಟುತ್ತಾರೆ. ಹಿಂದಿನಿಂದ ಒಂದು ಬೆರಳು ನಿಮ್ಮ ಹೆಗಲು ಮುಟ್ಟಿ ‘ದಾದರ್ ಉತರ್ನೇಕಾ ಕ್ಯಾ?’ ಅಂತ ಕೇಳುತ್ತದೆ. ಹೌದೆಂದರೆ ಆತ ನಿಮ್ಮ ಬೆನ್ನಿಗೆ ನಿಲ್ಲುತ್ತಾನೆ. ಇಲ್ಲವೆಂದರೆ ಸುಮ್ಮನೆ ಜಾಗ ಅದಲುಬದಲು ಮಾಡಿಕೊಂಡು ಮುಂದೆ ಹೋಗುತ್ತಾನೆ. ಜಗಳವಲ್ಲ, ಒರಟುತನವೂ ಅಲ್ಲ, ಗಾಡಿ ನಿಲ್ಲುವ ಕೆಲವೇ ಸೆಕೆಂಡುಗಳಲ್ಲಿ ಅಷ್ಟು ಜನ ಇಳಿದು ಅಷ್ಟೇ ಜನ ಹತ್ತಬೇಕಾದ್ದರಿಂದ ಹುಟ್ಟಿಕೊಂಡ ಶಿಸ್ತು. ನೀವೂ ಅದೇ ಪ್ರಶ್ನೆಯನ್ನು ಮುಂದಿನವರಿಗೆ ಕೇಳಿ. ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆ ಅನ್ನುವುದನ್ನೂ ಕೇಳಿಕೊಳ್ಳಿ. ಬ್ಯಾಕ್‌ಪ್ಯಾಕ್ ಇದ್ದರೆ ಬೆನ್ನಿಗಲ್ಲ, ಎದೆಗೆ.

ಭಾನುವಾರ ಒಂದು ಎಚ್ಚರ. ಹಳಿ ರಿಪೇರಿಗೆಂದು ಸೆಂಟ್ರಲ್ ಮತ್ತು ಹಾರ್ಬರ್ ಲೈನುಗಳಲ್ಲಿ ‘ಮೆಗಾ ಬ್ಲಾಕ್’, ವೆಸ್ಟರ್ನಿನಲ್ಲಿ ‘ಜಂಬೋ ಬ್ಲಾಕ್’ ಇರುತ್ತದೆ. ಸಾಮಾನ್ಯವಾಗಿ ಹಗಲಲ್ಲಿ ನಾಲ್ಕೈದು ಗಂಟೆ ಕೆಲವು ಗಾಡಿಗಳು ರದ್ದಾಗುತ್ತವೆ, ಇನ್ನು ಕೆಲವು ಬೇರೆ ಹಳಿಯಲ್ಲಿ ಓಡುತ್ತವೆ. ಯಾವ ಭಾಗದಲ್ಲಿ ಬ್ಲಾಕ್ ಅನ್ನುವುದು ಮುಂಚಿನ ದಿನದ ಪತ್ರಿಕೆಗಳಲ್ಲಿ ಬಂದಿರುತ್ತದೆ. ಇದೊಂದನ್ನು ನೋಡಿಕೊಂಡರೆ ಭಾನುವಾರವೇ ಹೊಸಬರಿಗೆ ಹೇಳಿಮಾಡಿಸಿದ ದಿನ: ಲೋಕಲ್‌ನಲ್ಲಿ ಕೂರಲು ಸೀಟು ಸಿಗುತ್ತದೆ, ಫೋರ್ಟಿನ ಬೀದಿಗಳು ಖಾಲಿಯಿರುತ್ತವೆ.

ಫೋರ್ಟಿನಲ್ಲಿ ಕಾಲ್ನಡಿಗೆ

ಸಿಎಸ್‌ಎಂಟಿಯಿಂದ ಗೇಟ್‌ವೇವರೆಗೆ ಸುತ್ತಿ ಬಳಸಿ ನಡೆದರೂ ಮೂರು ಕಿಲೋಮೀಟರಿನ ಆಸುಪಾಸು. ದಿನದ ತಿರುಳು ಇದೇ. ಇಲ್ಲಿ ಟ್ಯಾಕ್ಸಿ ಹತ್ತಬೇಡಿ.

ಶುರುಮಾಡಲು ಸ್ಟೇಷನ್ನಿಗಿಂತ ಒಳ್ಳೆಯ ಜಾಗವಿಲ್ಲ. ಫ್ರೆಡ್ರಿಕ್ ವಿಲಿಯಂ ಸ್ಟೀವನ್ಸ್ ಇದರ ನಕಾಶೆ ಮಾಡಿದ್ದು. 1878ರಲ್ಲಿ ಶುರುವಾದ ಕೆಲಸ ಮುಗಿಯಲು ಹತ್ತು ವರ್ಷ ಹಿಡಿಯಿತು. 2004ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದಿನಾ ಲಕ್ಷಾಂತರ ಜನ ಕಾಲಿಡುವ ಕಟ್ಟಡ, ತಲೆಯೆತ್ತಿ ನೋಡುವವರು ಬೆರಳೆಣಿಕೆಯಷ್ಟು. ಲೋಕಲ್ ಟಿಕೆಟ್ ಕೊಡುವ ಹಳೆಯ ಹಾಲ್‌ನ ಕ್ಯೂನಲ್ಲಿ ನಿಂತಾಗ ಮೇಲೆ ನೋಡಿ. ಕಮಾನು ಛಾವಣಿಯ ತುಂಬ ನಕ್ಷತ್ರಗಳು. ಅದಕ್ಕೆ ‘ಸ್ಟಾರ್ ಚೇಂಬರ್’ ಅನ್ನುವ ಹೆಸರೇ ಇದೆ. ಹೊರಗೆ ಬಂದು ರಸ್ತೆಯ ಆಚೆ ಬದಿಗೆ ದಾಟಿ ತಿರುಗಿ ನಿಲ್ಲಿ. ಗೇಟಿನ ಎರಡು ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ: ಒಂದು ಬ್ರಿಟನ್ನಿಗೆ, ಇನ್ನೊಂದು ಇಂಡಿಯಾಕ್ಕೆ. ಗಡಿಯಾರದ ಕೆಳಗಿನ ಗೂಡು ಖಾಲಿ. ಅಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ಇತ್ತು. ಗೋಡೆಯ ಕಲ್ಲಿನಲ್ಲಿ ನವಿಲು, ಮಂಗ, ಎಲೆಬಳ್ಳಿಗಳು. ಅವನ್ನು ಕೆತ್ತಿದವರಲ್ಲಿ ಪಕ್ಕದ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳಿದ್ದರು. ನೀವು ಬೆನ್ನು ಹಾಕಿ ನಿಂತಿರುವ ಗೋಪುರದ ಕಟ್ಟಡ ಮಹಾನಗರ ಪಾಲಿಕೆಯದು, ಅದೂ ಸ್ಟೀವನ್ಸನದೇ, 1893ರದ್ದು.

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆ ಹಿಡಿಯಿರಿ. ಎರಡೂ ಬದಿಯ ಕಟ್ಟಡಗಳ ಕೆಳಗೆ ಕಮಾನಿನ ಜಗಲಿಗಳಿವೆ. ಮಳೆಬಿಸಿಲು ಎರಡಕ್ಕೂ ನೆರಳು. ಈ ಜಗಲಿಗಳಲ್ಲೇ ಬೆಲ್ಟು, ವಾಚು, ಪುಸ್ತಕ ಮಾರುವವರು ಕೂತಿರುತ್ತಾರೆ. ರಸ್ತೆಯ ಕೊನೆಗೆ ಹುತಾತ್ಮ ಚೌಕ. 1864ರ ಫ್ಲೋರಾ ಫೌಂಟನ್ ಇಲ್ಲಿದೆ, ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಸತ್ತವರ ಸ್ಮಾರಕವೂ ಇಲ್ಲಿದೆ.

ಇಲ್ಲಿಂದ ಬಲಕ್ಕೆ ಹೊರಳಿದರೆ ಓವಲ್ ಮೈದಾನ. ಮುಂಬೈಯಲ್ಲಿ ಒಂದೇ ಜಾಗ ತೋರಿಸು ಅಂದರೆ ನಾನು ಗೇಟ್‌ವೇಗೆ ಕರೆದುಕೊಂಡು ಹೋಗುವುದಿಲ್ಲ, ಇಲ್ಲಿಗೆ ಕರೆತರುತ್ತೇನೆ. ಹುಡುಗರು ಕ್ರಿಕೆಟ್ ಆಡುತ್ತಿರುವ ಈ ಉದ್ದನೆಯ ಬಯಲಿನ ನಡುವಿನ ದಾರಿಯಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಕಪ್ಪು ಕಲ್ಲಿನ, ಚೂಪು ಗೋಪುರಗಳ ಹೈಕೋರ್ಟು, ವಿಶ್ವವಿದ್ಯಾಲಯ, 85 ಮೀಟರ್ ಎತ್ತರದ ರಾಜಾಬಾಯಿ ಗಡಿಯಾರ ಗೋಪುರ. ಅದೇ ಜಾಗದಲ್ಲಿ ಪಶ್ಚಿಮಕ್ಕೆ ತಿರುಗಿದರೆ ತಿಳಿ ಬಣ್ಣದ, ದುಂಡು ಮೂಲೆಯ ಬಾಲ್ಕನಿಗಳ ಅಪಾರ್ಟ್‌ಮೆಂಟುಗಳ ಸಾಲು. ಮೊದಲಿನದು ಹತ್ತೊಂಬತ್ತನೇ ಶತಮಾನದ ಗಾಥಿಕ್, ಎರಡನೆಯದು 1930ರ ದಶಕದ ಆರ್ಟ್ ಡೆಕೊ. ಎರಡನ್ನೂ ಸೇರಿಸಿ ಯುನೆಸ್ಕೋ 2018ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಸಾರಿತು.

ಎರಡು ಕಾಲ ಹೀಗೆ ಮುಖಾಮುಖಿ ಆದದ್ದು ದುಡ್ಡಿನಿಂದ, ಮಣ್ಣಿನಿಂದ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಬಾಂಬೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಅದರಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಇತ್ತು. ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತಿ ಬಾಂಬೆ ಸೇರುತ್ತಿತ್ತು. ಅದೇ ಹೊತ್ತಿಗೆ ಗವರ್ನರ್ ಬಾರ್ಟ್ಲ್ ಫ್ರೀಯರ್ ಹಳೆಯ ಕೋಟೆಯ ಗೋಡೆಗಳನ್ನು ಕೆಡವಿಸಿದ್ದ. ‘ಫೋರ್ಟ್’ ಅನ್ನುವ ಹೆಸರು ಉಳಿಯಿತು, ಕೋಟೆ ಹೋಯಿತು. ಸಿಕ್ಕ ಜಾಗದಲ್ಲಿ ಬಯಲಿಗೆ ಮುಖಮಾಡಿ ಸರಕಾರಿ ಕಟ್ಟಡಗಳು ಎದ್ದವು. ಹತ್ತಿ ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್ ಗೋಪುರಕ್ಕೆ ದುಡ್ಡು ಕೊಟ್ಟು ತಾಯಿ ರಾಜಾಬಾಯಿಯ ಹೆಸರಿಡಿಸಿದ. ಆಗ ಬಯಲಿನ ಪಶ್ಚಿಮಕ್ಕೆ ಸಮುದ್ರವೇ ಹತ್ತಿರವಿತ್ತು. ಇಪ್ಪತ್ತನೇ ಶತಮಾನದಲ್ಲಿ ಬ್ಯಾಕ್‌ಬೇಯ ನೀರಿಗೆ ಮಣ್ಣು ತುಂಬಿಸಿ ಹೊಸ ನೆಲ ಮಾಡಿದರು, ಅದರ ಮೇಲೆ ಆ ಕಾಲದ ಹೊಸ ಫ್ಯಾಷನ್ನಿನ ಅಪಾರ್ಟ್‌ಮೆಂಟುಗಳು ಬಂದವು.

ಉತ್ತರ ಕರ್ನಾಟಕದವರಿಗೆ ಈ ಪೂರ್ವದ ಸಾಲು ಪರಕೀಯವೇನಲ್ಲ. ಧಾರವಾಡ, ಬೆಳಗಾವಿ, ವಿಜಯಪುರಗಳು 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿದ್ದವು. ಅಲ್ಲಿನ ಮೊಕದ್ದಮೆಗಳ ಮೇಲ್ಮನವಿ ಈ ಹೈಕೋರ್ಟಿಗೇ ಬರುತ್ತಿತ್ತು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವ ಮುಂಚೆ ಧಾರವಾಡದ ಕಾಲೇಜಿನಲ್ಲಿ ಓದಿದವರ ಪದವಿಪತ್ರ ಹೊರಡುತ್ತಿದ್ದುದು ಈ ವಿಶ್ವವಿದ್ಯಾಲಯದಿಂದಲೇ. ಮನೆಯಲ್ಲಿ ಅಜ್ಜನ ಹಳೆಯ ಸರ್ಟಿಫಿಕೇಟು ಇದ್ದರೆ ನೋಡಿ.

ವಾರದ ದಿನ ಹನ್ನೊಂದೂವರೆ ಹೊತ್ತಿಗೆ ಓವಲ್ ಬಳಿ ಇದ್ದರೆ ಚರ್ಚ್‌ಗೇಟ್ ಸ್ಟೇಷನ್ನಿನ ಹೊರಗೆ ಒಂದು ಸುತ್ತು ಹೋಗಿ ಬನ್ನಿ. ಡಬ್ಬಾವಾಲಾಗಳು ಊಟದ ಡಬ್ಬಿಗಳನ್ನು ಫುಟ್‌ಪಾತಿನ ಮೇಲೆ ಹರವಿ, ಮುಚ್ಚಳದ ಗುರುತು ನೋಡಿ ಬೇರೆ ಬೇರೆ ಕಟ್ಟಡಗಳಿಗೆ ವಿಂಗಡಿಸುವುದು ಆಗಲೇ. ಮೊದಲಿನಷ್ಟು ಮಂದಿ ಈಗಿಲ್ಲ. ಅವರ ದಾರಿಗೆ ಅಡ್ಡ ನಿಂತು ಫೋಟೊ ತೆಗೆಯಬೇಡಿ, ಅವರು ನಿಲ್ಲುವುದಿಲ್ಲ.

ಮುಂದೆ ಕಾಲಾ ಘೋಡಾ. ಜಹಾಂಗೀರ್ ಆರ್ಟ್ ಗ್ಯಾಲರಿಗೆ ಪ್ರವೇಶ ಉಚಿತ, ಹತ್ತು ನಿಮಿಷ ಇಣುಕಿ ಬರಬಹುದು. ಪಕ್ಕದಲ್ಲೇ ಗುಮ್ಮಟದ ಕಟ್ಟಡ, ಹಿಂದಿನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಈಗ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. 1922ರಿಂದ ಸಾರ್ವಜನಿಕರಿಗೆ ತೆರೆದಿದೆ. ಪೂರ್ತಿ ನೋಡುವ ಹಟ ಬೇಡ. ಕೆಳಗಿನ ಶಿಲ್ಪಗಳ ಗ್ಯಾಲರಿಗೆ ಒಂದು ಗಂಟೆ ಕೊಡಿ. ಐಹೊಳೆಯ ಗುಡಿಯೊಂದರ ಛಾವಣಿಯಲ್ಲಿದ್ದ ಬ್ರಹ್ಮನ ಫಲಕ ಇಲ್ಲಿದೆ. ಐಹೊಳೆಯಲ್ಲಾದರೆ ಕತ್ತು ನೋಯುವಂತೆ ಮೇಲೆ ನೋಡಬೇಕಿದ್ದ ಕೆತ್ತನೆ ಇಲ್ಲಿ ಕಣ್ಣಿನ ಮಟ್ಟಕ್ಕೇ ಬಂದಿದೆ. ಅದು ಅಲ್ಲೇ ಇರಬೇಕಿತ್ತು ಅನ್ನಿಸುವುದೂ ನಿಜ.

ಗೇಟ್‌ವೇ, ಮತ್ತು ದೋಣಿ ಹತ್ತಬೇಕೇ ಬೇಡವೇ

ಗೇಟ್‌ವೇ ಆಫ್ ಇಂಡಿಯಾ ಕಟ್ಟಿದ್ದು 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪಿಗೆ. ಆದರೆ ಅದರ ಉದ್ಘಾಟನೆ ಆದದ್ದು 1924ರ ಡಿಸೆಂಬರ್ 4ರಂದು. ದೊರೆ ಕಂಡದ್ದು ರಟ್ಟಿನ ಕಮಾನನ್ನು ಮಾತ್ರ. ಈಗಿನ 26 ಮೀಟರ್ ಎತ್ತರದ ಕಮಾನು ಜಾರ್ಜ್ ವಿಟೆಟ್‌ನದು, ಮ್ಯೂಸಿಯಮ್ಮೂ ಅವನದೇ. 1948ರ ಫೆಬ್ರವರಿ 28ರಂದು ಕೊನೆಯ ಬ್ರಿಟಿಷ್ ತುಕಡಿ ದೇಶ ಬಿಟ್ಟು ಹೊರಟಿದ್ದೂ ಇದೇ ಕಮಾನಿನ ಕೆಳಗಿಂದ. ಎದುರಿನ ತಾಜ್ ಹೋಟೆಲ್ 1903ರದ್ದು, ಗೇಟ್‌ವೇಗಿಂತ ಎರಡು ದಶಕ ಹಿರಿದು. ಗೇಟ್‌ವೇ ಆವರಣದ ಒಳಗೆ ಹೋಗುವಾಗ ಬ್ಯಾಗ್ ತಪಾಸಣೆ ಇದೆ. ‘ಇನ್‌ಸ್ಟಂಟ್ ಫೋಟೊ’ದವರು ಅಡ್ಡಗಟ್ಟಿದರೆ ಬೇಡವೆಂದು ತಲೆಯಾಡಿಸಿ ನಡೆಯಿರಿ, ನಿಂತು ಮಾತಾಡಿದಿರೋ, ಪ್ರಿಂಟು ಕೈಗೆ ಬಂದಂತೆಯೇ. ಇಲ್ಲಿ ಅರ್ಧ ಗಂಟೆ ಧಾರಾಳವಾಯಿತು.

ಎಲಿಫೆಂಟಾದ ದೋಣಿ ಇಲ್ಲಿಂದಲೇ ಹೊರಡುವುದು. ಹೋಗಲು ಸುಮಾರು ಒಂದು ಗಂಟೆ, ಬರಲು ಒಂದು ಗಂಟೆ. ಜೆಟ್ಟಿಯಿಂದ ಪುಟಾಣಿ ರೈಲು, ಆಮೇಲೆ ನೂರಿಪ್ಪತ್ತು ಮೆಟ್ಟಿಲು, ಎರಡೂ ಬದಿ ಅಂಗಡಿಗಳು, ನಡುವೆ ಕೈಚೀಲ ಕಸಿಯುವ ಮಂಗಗಳು. ಗುಹೆ ನೋಡುವುದೂ ಸೇರಿ ಅರ್ಧ ದಿನ ಬೇಕೇಬೇಕು. ಹಾಗಾಗಿ ನಿಮ್ಮ ಮುಂದೆ ಇರುವುದು ಎರಡೇ ದಾರಿ: ಎಲಿಫೆಂಟಾಕ್ಕೆ ಹೋಗುವುದಾದರೆ ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ, ಫೋರ್ಟಿನ ನಡಿಗೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡು ಮ್ಯೂಸಿಯಂ ಬಿಡಿ. ಇಲ್ಲವೇ ಎಲಿಫೆಂಟಾವನ್ನೇ ಬಿಡಿ. ಸೋಮವಾರ ಈ ಪ್ರಶ್ನೆಯೇ ಇಲ್ಲ, ಗುಹೆಗಳಿಗೆ ರಜೆ. ಮಳೆಗಾಲದಲ್ಲಿ ಸಮುದ್ರ ಕೆರಳಿದ್ದರೆ ದೋಣಿಗಳೂ ಹೊರಡುವುದಿಲ್ಲ. ಲೈಫ್ ಜಾಕೆಟ್ ಕೊಟ್ಟರೆ ಸೆಖೆಯೆಂದು ತೆಗೆದಿಡಬೇಡಿ. 2024ರ ಡಿಸೆಂಬರಿನಲ್ಲಿ ನೌಕಾಪಡೆಯ ಸ್ಪೀಡ್ ಬೋಟು ಗುದ್ದಿ ಇಲ್ಲಿಯ ಪ್ರಯಾಣಿಕರ ದೋಣಿಯೊಂದು ಮುಳುಗಿದೆ. ವಾಪಸಿನ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಜೆಟ್ಟಿಯಲ್ಲಿ ಇಳಿಯುವಾಗಲೇ ಕೇಳಿಕೊಳ್ಳಿ.

ಹೋದವರಿಗೆ ನಷ್ಟವಿಲ್ಲ. ಗುಹೆಯ ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಎದುರಿನ ಗೋಡೆಯಲ್ಲಿ ನಿಧಾನಕ್ಕೆ ಮೂಡುವ ಮೂರು ಮುಖದ ಸದಾಶಿವ ಐದೂವರೆ ಮೀಟರ್ ಎತ್ತರದ್ದು. ಆರನೇ ಶತಮಾನದ ನಡುವಿನ ಕೆಲಸವೆಂದು ಬಹುಮಟ್ಟಿನ ವಿದ್ವಾಂಸರ ಅಭಿಪ್ರಾಯ. ಇಮ್ಮಡಿ ಪುಲಕೇಶಿ ಹಡಗುಗಳಲ್ಲಿ ಹೋಗಿ ‘ಪುರಿ’ಯನ್ನು ಗೆದ್ದನೆಂದು ಐಹೊಳೆಯ ರವಿಕೀರ್ತಿಯ ಶಾಸನ ಹೇಳುತ್ತದೆ, ಆ ಪುರಿ ಈ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪವೇ ಎಂದು ವಾದಿಸುವವರಿದ್ದಾರೆ. ಬೆಳಗ್ಗೆ ಎಲಿಫೆಂಟಾ ನೋಡಿ ಮಧ್ಯಾಹ್ನ ಐಹೊಳೆಯ ಫಲಕವಿರುವ ಮ್ಯೂಸಿಯಮ್ಮನ್ನೂ ತುರುಕಬೇಕು ಅನ್ನಿಸುವುದು ಈ ಐಹೊಳೆಯ ನಂಟಿಗೇ. ಮಕ್ಕಳು, ವಯಸ್ಸಾದವರು ಜತೆಗಿದ್ದರೆ ಬೇಡ.

ಹೊಟ್ಟೆ, ಚಕ್ರ, ಭರತ

ಬೆಳಗ್ಗೆ ಇರಾನಿ ಹೋಟೆಲಿನ ಬನ್ ಮಸ್ಕಾ, ಚಹಾ. ಮರೀನ್ ಲೈನ್ಸ್ ಬಳಿಯ ಕಯಾನಿ 1904ರಿಂದ ನಡೆಯುತ್ತಿದೆ. ಮಧ್ಯಾಹ್ನಕ್ಕೆ ಫೋರ್ಟಿನ ಗಲ್ಲಿಗಳಲ್ಲಿ ಉಡುಪಿ ಹೋಟೆಲುಗಳಿವೆ. ಬಿಲ್ಲು ಕೊಡುವಾಗ ಕನ್ನಡದಲ್ಲೋ ತುಳುವಿನಲ್ಲೋ ಒಂದು ಮಾತಾಡಿದರೆ ಗಲ್ಲೆಯಲ್ಲಿ ಕೂತವರು ತಲೆಯೆತ್ತಿ ‘ಊರಲ್ಲಿ ಎಲ್ಲಿ ನಿಮ್ದು?’ ಅನ್ನಬಹುದು. ಇಂಥ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಪಾಸಾದ ಕರಾವಳಿಯ ಹುಡುಗರ ಒಂದು ಇಡೀ ತಲೆಮಾರೇ ಈ ಊರಿನಲ್ಲಿತ್ತು. ಬಾಳೆಲೆ ಊಟವೇ ಬೇಕೆಂದರೆ ಮಾಟುಂಗಾಕ್ಕೆ ಹೋಗಬೇಕು. ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ನಿನ ಎದುರು, ಮಹಡಿಯ ಮೇಲೆ, 1942ರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಬೇಕಾದವರು ಅಡುಗೆಮನೆಗೇ ಹೋಗಿ ನೋಡಿ ಬರಬಹುದು. ಆದರೆ ಅದು ದಾದರಿನಿಂದಾಚೆ. ದಾದರಿನಲ್ಲಿ ಇಳಿದು ದಕ್ಷಿಣಕ್ಕೆ ತಡವಾಗಿ ಹೊರಡುವವರಿಗೆ ಸರಿ, ಫೋರ್ಟಿನಿಂದ ಊಟಕ್ಕೆಂದೇ ಹೋಗಿಬರುವುದು ಹೊತ್ತು ಹಾಳು.

ಆಟೋ ಹುಡುಕಬೇಡಿ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಯಾನ್ ದಾಟಿ ದಕ್ಷಿಣಕ್ಕೆ ಆಟೋ ಬರುವಂತಿಲ್ಲ. ಇಲ್ಲಿ ಇರುವುದು ಕಾಲಿ-ಪೀಲಿ ಟ್ಯಾಕ್ಸಿ, ಮೀಟರಿನ ಮೇಲೆ ಓಡುತ್ತದೆ. ಹತ್ತುವ ಮೊದಲೇ ‘ಮೀಟರ್ ಸೇ?’ ಅಂತ ಕೇಳಿ. ಬೆಸ್ಟ್‌ನ ಕೆಂಪು ಬಸ್ಸುಗಳಲ್ಲಿ ಹಳೆಯ ಡೀಸೆಲ್ ಡಬಲ್ ಡೆಕ್ಕರುಗಳು 2023ರಲ್ಲಿ ನಿಂತವು. ಅವುಗಳ ಬದಲಿಗೆ ಬಂದ ಎಸಿ ಎಲೆಕ್ಟ್ರಿಕ್ ಡಬಲ್ ಡೆಕ್ಕರಿನ ಮಹಡಿಯ ಮುಂದಿನ ಸೀಟು ಸಿಕ್ಕರೆ ಮಕ್ಕಳಿಗೆ ಅದೇ ಪ್ರವಾಸ. ದೊಡ್ಡ ಬದಲಾವಣೆಯೆಂದರೆ ನೆಲದಡಿಯ ಮೆಟ್ರೊ ಮೂರನೇ ಮಾರ್ಗ. 2025ರ ಅಕ್ಟೋಬರಿನಿಂದ ಕಫ್ ಪರೇಡಿನವರೆಗೆ ಪೂರ್ತಿ ಓಡುತ್ತಿದೆ. ಚರ್ಚ್‌ಗೇಟ್, ಹುತಾತ್ಮ ಚೌಕ, ಸಿಎಸ್‌ಎಂಟಿ, ಮಹಾಲಕ್ಷ್ಮಿ, ಸಿದ್ಧಿವಿನಾಯಕ, ದಾದರ್ ಎಲ್ಲವೂ ಒಂದೇ ಗೆರೆಯಲ್ಲಿ ಬರುವುದರಿಂದ, ದೇವರ ದರ್ಶನ ಬಿಡಲಾರದವರು ಮಧ್ಯಾಹ್ನದ ಬಿಸಿಲಿನಲ್ಲಿ ನೆಲದೊಳಗಿಂದ ತಣ್ಣಗೆ ಹೋಗಿ ಬರಬಹುದು. ಮಂಗಳವಾರ ಮಾತ್ರ ಸಿದ್ಧಿವಿನಾಯಕನ ಕ್ಯೂ ನಿಮ್ಮ ಅರ್ಧ ದಿನವನ್ನು ನುಂಗುತ್ತದೆ.

ಹಾಜಿ ಅಲಿಗೆ ಹೋಗುವವರು ಗಡಿಯಾರಕ್ಕಿಂತ ಮೊದಲು ಸಮುದ್ರದ ಭರತ-ಇಳಿತದ ವೇಳೆ ನೋಡಬೇಕು. ದರ್ಗಾ ಇರುವುದು ನೀರಿನ ನಡುವೆ. ಅಲ್ಲಿಗೆ ಹೋಗುವ ಕಿರಿದಾದ ಹಾದಿ ಭರತ ಏರಿದಾಗ ಮುಳುಗುತ್ತದೆ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಒಂದು ಏರಿಕೆಯಿಂದ ಇನ್ನೊಂದಕ್ಕೆ ಹನ್ನೆರಡು ಗಂಟೆಗಿಂತ ತುಸು ಹೆಚ್ಚು. ಹಾಗಾಗಿ ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಮುಕ್ಕಾಲು ಗಂಟೆ ಮುಂದಕ್ಕೆ ಹೋಗುತ್ತಿರುತ್ತದೆ. ಗೆಳೆಯರು ಕಳೆದ ವಾರ ಹತ್ತು ಗಂಟೆಗೆ ಹೋಗಿಬಂದರೆಂದು ನೀವೂ ಅದೇ ಹೊತ್ತಿಗೆ ಹೋದರೆ ಹಾದಿ ನೀರೊಳಗಿರಬಹುದು. ಮುಂಬೈನ ಭರತದ ವೇಳೆ ಫೋನಿನಲ್ಲೇ ಸಿಗುತ್ತದೆ. ಜುಲೈ-ಆಗಸ್ಟಿನಲ್ಲಿ ಇದೇ ವಿಷಯ ಇಡೀ ಊರಿಗೆ ಅನ್ವಯಿಸುತ್ತದೆ: ಜೋರು ಮಳೆ ಮತ್ತು ದೊಡ್ಡ ಭರತ ಒಂದೇ ಹೊತ್ತಿಗೆ ಬಿದ್ದರೆ ಚರಂಡಿಯ ನೀರು ಸಮುದ್ರಕ್ಕೆ ಹೋಗಲಾರದೆ ಬೀದಿಗೆ ಮರಳುತ್ತದೆ, ಲೋಕಲ್ ನಿಲ್ಲುತ್ತದೆ. ಅಂಥ ದಿನ ಹೋಟೆಲಿನಲ್ಲೇ ಇರಿ.

ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲು ಮರೀನ್ ಡ್ರೈವಿಗೆ ಬನ್ನಿ. ನರಿಮನ್ ಪಾಯಿಂಟಿನಿಂದ ಗಿರಗಾಂವ್ ಚೌಪಾಟಿಯ ಕಡೆಗೆ ಹೋಗುವ ದಂಡೆ 3.6 ಕಿಲೋಮೀಟರ್, ಕಟ್ಟೆಯ ಮೇಲೆ ಎಲ್ಲಿ ಬೇಕಾದರೂ ಕೂರಬಹುದು, ಯಾರೂ ದುಡ್ಡು ಕೇಳುವುದಿಲ್ಲ. ಚೌಪಾಟಿಯಲ್ಲಿ ಭೇಲ್, ಕುಲ್ಫಿ. ‘ರಾಣಿಯ ಕಂಠಹಾರ’ ಎಂದು ಫೋಟೊದಲ್ಲಿ ಕಾಣುವ ದೀಪಗಳ ಸಾಲು ಮಾತ್ರ ಇಲ್ಲಿ ಕೂತವರಿಗೆ ಕಾಣುವುದಿಲ್ಲ. ಅದಕ್ಕೆ ಎದುರಿನ ಮಲಬಾರ್ ಹಿಲ್ ಹತ್ತಿ ಕಮಲಾ ನೆಹರು ಪಾರ್ಕಿನಿಂದ ನೋಡಬೇಕು. ಚೌಪಾಟಿಯಿಂದ ಟ್ಯಾಕ್ಸಿಯಲ್ಲಿ ಹತ್ತಿರ.

ಎಂಟೂವರೆಯ ಮೇಲೆ ವಾಪಸು. ಬ್ಯಾಗು ಸಿಎಸ್‌ಎಂಟಿಯಲ್ಲಿಟ್ಟು ರಾತ್ರಿಯ ಗಾಡಿ ದಾದರಿನಿಂದ ಇದ್ದರೆ, ಕ್ಲೋಕ್ ರೂಮಿನ ಕ್ಯೂಗೂ ಸೇರಿಸಿ ಒಂದೂವರೆ ಗಂಟೆ ಕೈಯಲ್ಲಿಟ್ಟುಕೊಳ್ಳಿ. ಕುರ್ಲಾ ಟರ್ಮಿನಸ್ಸಿಗೆ ಹೋಗುವವರು ಸಿಎಸ್‌ಎಂಟಿಯ ಒಂದು, ಎರಡನೇ ಪ್ಲಾಟ್‌ಫಾರ್ಮಿನಿಂದ ಹಾರ್ಬರ್ ಗಾಡಿ ಹಿಡಿಯಬೇಕು, ಆದರೆ ಇಂಡಿಕೇಟರಿನಲ್ಲಿ ಪನ್ವೇಲ್, ಬೇಲಾಪುರ ಅಥವಾ ವಾಶಿ ಎಂದಿರುವುದನ್ನೇ ಹತ್ತಿ. ಅದೇ ಪ್ಲಾಟ್‌ಫಾರ್ಮಿಗೆ ಬರುವ ಗೋರೆಗಾಂವ್ ಗಾಡಿ ವಡಾಲಾ ದಾಟಿದ ಮೇಲೆ ಎಡಕ್ಕೆ ಹೊರಳಿ ಬಾಂದ್ರಾದ ದಾರಿ ಹಿಡಿಯುತ್ತದೆ. ಹತ್ತಿದ್ದು ಅದೇ ಎಂದು ಗೊತ್ತಾದರೆ ವಡಾಲಾದಲ್ಲೇ ಇಳಿದು ಹಿಂದೆ ಬರುವ ಪನ್ವೇಲ್ ಗಾಡಿಗೆ ಕಾಯಿರಿ.